ಹಳೆಯ ಕಚೇರಿ ಕಟ್ಟಡಕ್ಕೆ ಕೈ ಹಾಕುವ ಮುನ್ನ ಕಂಬ ತಟ್ಟಿ ನೋಡಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನ ಹಳೆಯ ಕಚೇರಿ ಕಟ್ಟಡಗಳ ನವೀಕರಣಕ್ಕೆ ಕರೆದಾಗ ನಾನು ಮೊದಲು ಕೂರುವುದು ನೆಲಮಹಡಿಯ ಕಂಬದ ಬುಡದಲ್ಲಿ. ನೀವೂ ಅಲ್ಲಿಂದಲೇ ಶುರು ಮಾಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿರಬಹುದು. ಅಲ್ಲಿ ಸ್ವಲ್ಪ ಒಡೆದು, ಪುಡಿ ಊದಿ, ಹೊಸ ಮುರಿತದ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಣ್ಣ ಬಂದರೆ, ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರ ಉಳಿದಿದೆ. ಬಣ್ಣ ಏರದ ಪದರ ಕಂಬಿಯವರೆಗೂ ಹೋಗಿದೆಯೇ ಎಂದು ಅಳೆಯಿರಿ. ಹೋಗಿದ್ದರೆ ಕಂಬಿಗೆ ರಕ್ಷಣೆಯಿಲ್ಲ. ಈ ಅಳತೆ ಕೈಸೇರುವ ಮೊದಲೇ ಗಾಜಿನ ಮುಂಭಾಗದ ನಕ್ಷೆ ಬಿಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಿಟಕಿಗಳನ್ನೂ ಕಿತ್ತೆಸೆಯಬೇಕಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಸುಮಾರು 6,500 ಕಿಟಕಿಗಳನ್ನು ಕಟ್ಟಡದೊಳಗೇ ದುರಸ್ತಿ ಮಾಡಿ ಮತ್ತೆ ಕೂರಿಸಿದರು. ಇನ್ನು ಕಂಬದ ದುರಸ್ತಿಗಾಗಿ ಕಾಂಕ್ರೀಟ್ ಒಡೆಯಬೇಕಾದರೆ, ಅದಕ್ಕೂ ಮುನ್ನ ಮೇಲಿನ ತೊಲೆಗಳಿಗೆ ಜಾಕ್ (ಭಾರ ಹೊರುವ ತಾತ್ಕಾಲಿಕ ಆಸರೆ) ಕೊಡಿ.