ನೈಟ್ ಡ್ಯೂಟಿ ನಡುವೆ ಐಇಎಲ್‌ಟಿಎಸ್: ನಾನು ಸಮಯ ಹಂಚಿಕೊಂಡ ಬಗೆ

ಬ್ರಿಟನ್ನಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಲು ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿ, ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು ಇಷ್ಟು: ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 9ಕ್ಕೆ 7 ಬ್ಯಾಂಡ್ (ಅಂಕವನ್ನು ಇಲ್ಲಿ ಹಾಗೆ ಕರೆಯುತ್ತಾರೆ), ರೈಟಿಂಗ್‌ನಲ್ಲಿ 6.5. ನಾನು ಹತ್ತನೇ ಕ್ಲಾಸಿನ ತನಕ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಆಮೇಲೆ ಬಿಎಸ್ಸಿ ನರ್ಸಿಂಗ್, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಐದು ವರ್ಷದ ಕೆಲಸ. ತಯಾರಿಗೆ ಮೂರೂವರೆ ತಿಂಗಳು ಇಟ್ಟುಕೊಂಡೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯನ್ನೇ ಆರಿಸಿಕೊಂಡೆ.

ಮೊದಲ ದಿನವೇ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ದಿನಕ್ಕೆ ಎರಡು ಗಂಟೆ, ನಾಲ್ಕು ವಿಭಾಗಕ್ಕೂ ಅರ್ಧರ್ಧ ಗಂಟೆ. ಮೂರನೇ ವಾರ ನೈಟ್ ಡ್ಯೂಟಿ ಬಿತ್ತು, ಎಲ್ಲ ತಲೆಕೆಳಗಾಯಿತು. ನೈಟ್ ಬರದಿದ್ದರೂ ಆ ಟೈಮ್‌ಟೇಬಲ್ ನಿಲ್ಲುತ್ತಿರಲಿಲ್ಲ. ರೈಟಿಂಗ್‌ನ ಎರಡನೇ ಟಾಸ್ಕ್‌ಗೆ, ಅಂದರೆ ಕನಿಷ್ಠ 250 ಪದದ ಪ್ರಬಂಧಕ್ಕೆ, ಪರೀಕ್ಷೆಯಲ್ಲೇ 40 ನಿಮಿಷ ಬೇಕು. ಅರ್ಧ ಗಂಟೆಯಲ್ಲಿ ನಾನು ದಿನವೂ ಅರ್ಧ ಪ್ರಬಂಧ ಬರೆದು ಎದ್ದುಬಿಡುತ್ತಿದ್ದೆ. ಮುಕ್ತಾಯದ ಪ್ಯಾರಾ ಬರೆಯುವ ಅಭ್ಯಾಸವೇ ಆಗಲಿಲ್ಲ.

ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಟೀ ಕುಡಿಯುವಾಗ ಟೈಮ್‌ಟೇಬಲ್‌ನ ಫೋಟೊ ತೋರಿಸಿದೆ. ಅವರು ನೋಡಿ, "ವಾರ್ಡಲ್ಲಿ ಹತ್ತು ಪೇಷಂಟ್ ಇದ್ದಾರೆ ಅಂತ ಹತ್ತೂ ಜನಕ್ಕೆ ಸಮ ಟೈಮ್ ಕೊಡ್ತೀಯೇನಮ್ಮಾ? ಯಾರ ಬಿಪಿ ಬೀಳ್ತಿದೆಯೋ ಅವರ ಹತ್ರ ತಾನೇ ಮೊದಲು ಓಡೋದು?" ಅಂದರು. ಹಾಗಾದರೆ ನನ್ನ ಯಾವ ಬಿಪಿ ಬೀಳುತ್ತಿದೆ ಅಂತ ಮೊದಲು ಅಳೆಯಬೇಕಿತ್ತು. ಅದನ್ನೇ ನಾನು ಮಾಡಿರಲಿಲ್ಲ.

ಮುಂದಿನ ಆಫ್ ದಿನ ಫೋನ್ ಸ್ವಿಚ್ ಆಫ್ ಮಾಡಿ ಒಂದು ಪೂರ್ತಿ ಪ್ರಶ್ನೆಪತ್ರಿಕೆ ಬರೆದೆ. ಲಿಸನಿಂಗ್‌ನಲ್ಲಿ 40ಕ್ಕೆ 27, ರೀಡಿಂಗ್‌ನಲ್ಲಿ 40ಕ್ಕೆ 19. ಬ್ಯಾಂಡ್ 7 ಬರಬೇಕಾದರೆ ಎರಡರಲ್ಲೂ ಸುಮಾರು 30 ಸರಿಯಾಗಬೇಕು. ಲಿಸನಿಂಗ್‌ಗೆ ಮೂರು ಅಂಕ ಕಡಿಮೆ, ರೀಡಿಂಗ್‌ಗೆ ಹನ್ನೊಂದು. ಎರಡಕ್ಕೂ ಅರ್ಧರ್ಧ ಗಂಟೆ ಕೊಡುತ್ತಾ ಕೂತಿದ್ದೆ!

ರೀಡಿಂಗ್‌ನ 21 ತಪ್ಪನ್ನು ಒಂದೊಂದಾಗಿ ನೋಡಿದೆ. ಒಂಬತ್ತು ಮೂರನೇ ಪ್ಯಾಸೇಜಿನವು, ಅಲ್ಲಿಗೆ ಹೋಗುವಷ್ಟರಲ್ಲಿ 60 ನಿಮಿಷ ಮುಗಿದಿತ್ತು. ಏಳು ತಪ್ಪು 'ಟ್ರೂ, ಫಾಲ್ಸ್, ನಾಟ್ ಗಿವನ್' ಪ್ರಶ್ನೆಗಳಲ್ಲಿ. ಪ್ಯಾಸೇಜಿನಲ್ಲಿ ಇಲ್ಲದ ಮಾತಿಗೆ ನಾನು ಫಾಲ್ಸ್ ಅಂತ ಹಾಕುತ್ತಿದ್ದೆ. ಈ ಗೊಂದಲ ಬಿಡಿಸಿಕೊಂಡಿದ್ದು ಒಂದು ನೈಟ್‌ನಲ್ಲಿ, ಕೇಸ್ ಶೀಟ್ ತುಂಬುವಾಗ. ಹೊಸ ಅಡ್ಮಿಷನ್, ಅಲರ್ಜಿ ಅನ್ನುವ ಕಾಲಂ ಖಾಲಿ. ಖಾಲಿ ಇದೆ ಅಂದರೆ ಅಲರ್ಜಿ ಇಲ್ಲ ಅಂತಲ್ಲ, ಇದೆ ಅಂತಲೂ ಅಲ್ಲ. ಯಾರೂ ಕೇಳಿ ಬರೆದಿಲ್ಲ, ಅಷ್ಟೇ. ಆ ಕಾಲಂ ನೋಡಿಕೊಂಡು ಯಾವ ನರ್ಸೂ ಆಂಟಿಬಯಾಟಿಕ್ ಚುಚ್ಚುವುದಿಲ್ಲ. 'ಅಲರ್ಜಿ ಇಲ್ಲ' ಅಂತ ಬರೆದಿದ್ದು, ಪ್ರಶ್ನೆ 'ಇದೆ' ಅಂದರೆ ಅದು ಫಾಲ್ಸ್. ಕಾಲಂ ಖಾಲಿ ಇದ್ದರೆ ನಾಟ್ ಗಿವನ್. ಆ ರಾತ್ರಿಯ ಮೇಲೆ ಈ ಪ್ರಶ್ನೆಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ.

ಹೊಸ ಲೆಕ್ಕ ದಿನದ್ದಲ್ಲ, ವಾರದ್ದು. ಶಿಫ್ಟ್ ಮೇಲೆ ಬದುಕುವವರಿಗೆ ದಿನದ ಲೆಕ್ಕ ಕೂಡಿಬರುವುದಿಲ್ಲ. ವಾರಕ್ಕೆ 12 ಗಂಟೆ ಸಿಗುತ್ತಿತ್ತು. ರೀಡಿಂಗ್‌ಗೆ 5, ರೈಟಿಂಗ್‌ಗೆ 4, ಉಳಿದ ಎರಡಕ್ಕೂ ಸೇರಿ 3. ರೀಡಿಂಗ್‌ನ ಒಂದು ಗಂಟೆಯಲ್ಲಿ ಒಂದೇ ಪ್ಯಾಸೇಜ್, ಅದಕ್ಕೆ ಗಡಿಯಾರ ಇಟ್ಟು 20 ನಿಮಿಷ. ಉಳಿದ 40 ನಿಮಿಷ ತಪ್ಪಿದ ಉತ್ತರ ಯಾಕೆ ತಪ್ಪಿತು ಅಂತ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುವುದು. ಸುಮ್ಮನೆ ಒಂದರ ಮೇಲೊಂದು ಪ್ಯಾಸೇಜ್ ಓದುತ್ತಿದ್ದಾಗ ಏರದ ಅಂಕ, ಹೀಗೆ ಒಂದನ್ನೇ ಜಾಲಾಡಿದಾಗ ಏರಿತು.

ಯಾವ ಕೆಲಸ ಯಾವ ಹೊತ್ತಿಗೆ ಅನ್ನುವುದೂ ಮುಖ್ಯ. ನೈಟ್ ಮುಗಿಸಿ ಬಂದ ದಿನ ಪ್ರಬಂಧ ಬರೆಯಬಾರದು. ಕೈ ಓಡುತ್ತದೆ, ತಲೆ ಓಡುವುದಿಲ್ಲ. ಅಂಥ ದಿನ ಮಧ್ಯಾಹ್ನದ ತನಕ ಮಲಗಿ, ಸಂಜೆ ನೋಟ್‌ಬುಕ್ಕಿನ ಹಳೆಯ ತಪ್ಪುಗಳನ್ನು ಓದುತ್ತಿದ್ದೆ. ಪ್ರಬಂಧ ಆಫ್ ದಿನದ ಬೆಳಿಗ್ಗೆಗೆ.

ವಿಜಯನಗರದಿಂದ ಎಂ.ಜಿ. ರಸ್ತೆಗೆ ಮೆಟ್ರೊದಲ್ಲಿ ಹೋಗುವಾಗ ಕಿವಿಗೆ ಇಯರ್‌ಫೋನ್. ಇದನ್ನು ನಾನು ಆ 12 ಗಂಟೆಯಲ್ಲಿ ಸೇರಿಸಲಿಲ್ಲ, ಯಾಕೆಂದರೆ ಕಿವಿ ಪಳಗುವುದೇ ಬೇರೆ, ಉತ್ತರ ಬರೆಯುವುದೇ ಬೇರೆ. ನನ್ನ ಲಿಸನಿಂಗ್ ತಪ್ಪುಗಳು ಕೇಳಿಸದೆ ಆದವಲ್ಲ. ಅಕಾಮಡೇಷನ್ ಪದದಲ್ಲಿ ಸಿ ಎರಡು ಬರೆದು ಎಂ ಒಂದೇ ಬರೆದಿದ್ದೆ. ಸ್ಪೆಲಿಂಗ್ ತಪ್ಪಿದರೆ ಅಂಕ ಇಲ್ಲ. ಬಹುವಚನದ ಎಸ್ ನಾಲ್ಕು ಕಡೆ ಬಿಟ್ಟಿದ್ದೆ. ನಾವು 'ಎರಡು ಮರ', 'ಹತ್ತು ರೂಪಾಯಿ' ಅನ್ನುವವರು, ಕೊನೆಯ ಎಸ್ ನಮ್ಮ ಕಿವಿಗೆ ಸದ್ದೇ ಅಲ್ಲ. ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಪೂರ್ತಿ ಟೆಸ್ಟ್ ಮಾಡಿದ್ದು ಇದಕ್ಕೇ. ಸ್ಪೀಕಿಂಗ್‌ಗೆ ರೂಮ್‌ಮೇಟ್ ಇದ್ದಳು. ಚಪಾತಿ ಲಟ್ಟಿಸುತ್ತಾ ಒಂದು ವಿಷಯ ಕೊಡುತ್ತಿದ್ದಳು. ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು. "ಇನ್ನೂ ನಲವತ್ತು ಸೆಕೆಂಡ್ ಇದೆ ಕಣೇ, ನಿಲ್ಲಿಸ್ಬೇಡ" ಅನ್ನುತ್ತಿದ್ದಳು. 'ಓನ್ಲಿ' ಅನ್ನುವುದನ್ನು ನಾನು 'ವೋನ್ಲಿ' ಅನ್ನುತ್ತೇನೆ ಅಂತ ಹಿಡಿದುಕೊಟ್ಟವಳೂ ಅವಳೇ.

ಮೊದಲ ಫಲಿತಾಂಶ: ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 7, ರೈಟಿಂಗ್ 6. ಅರ್ಧ ಬ್ಯಾಂಡಿಗೆ ಹೋಯಿತು. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಹಳೆಯ ಪ್ರಬಂಧಗಳನ್ನೆಲ್ಲ ಹರಡಿಕೊಂಡು ಕೂತೆ. ರೈಟಿಂಗ್‌ಗೆ ಕೊಟ್ಟ ವಾರದ 4 ಗಂಟೆಯಲ್ಲಿ ಹೆಚ್ಚಿನದು ಮೊದಲ ಟಾಸ್ಕಿಗೇ, ಅಂದರೆ ಗ್ರಾಫ್ ನೋಡಿ ವಿವರಿಸುವುದಕ್ಕೇ ಹೋಗಿತ್ತು, ಅದು ನನಗೆ ಸುಲಭ ಅನ್ನುವ ಕಾರಣಕ್ಕೆ. ಎರಡನೇ ಟಾಸ್ಕಿಗೆ ಅದರ ಎರಡರಷ್ಟು ತೂಕ. ಇನ್ನು ಒಂದೇ ಪ್ರಬಂಧದಲ್ಲಿ ಹದಿನೇಳು ಕಡೆ ಎ, ಆನ್, ದಿ ತಪ್ಪಿತ್ತು. ಕನ್ನಡದಲ್ಲಿ ಇವಕ್ಕೆ ಸಮನಾದದ್ದೇ ಇಲ್ಲ, ಹಾಗಾಗಿ ಓದುವಾಗ ಬಿಟ್ಟದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೇ ಸಲಕ್ಕೆ ಆರು ವಾರ. 12 ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕ ಕೂಡಿಸಿಕೊಳ್ಳಲು ಎನ್‌ಎಂಸಿ ಬಿಡುತ್ತದೆ, ಎರಡರಲ್ಲೂ ರೈಟಿಂಗ್ 6ಕ್ಕಿಂತ, ಉಳಿದವು 6.5ಕ್ಕಿಂತ ಕೆಳಗೆ ಬೀಳಬಾರದು. ಈ ನಿಯಮ ಓದಿದ ಮೇಲೆ ಹಂಚಿಕೆಯನ್ನೇ ಬದಲಾಯಿಸಿದೆ. ವಾರದ 10 ಗಂಟೆಯಲ್ಲಿ 7 ರೈಟಿಂಗ್‌ಗೆ, ಅದರಲ್ಲೂ 5 ಎರಡನೇ ಟಾಸ್ಕ್‌ಗೆ. ಹೊಸ ವಿಷಯದ ಮೇಲೆ ಬರೆಯುವುದಕ್ಕಿಂತ ಅದೇ ಪ್ರಬಂಧವನ್ನು ತಿದ್ದಿ ಮೂರು ಸಲ ಬರೆದೆ. 40 ನಿಮಿಷದಲ್ಲಿ ಐದು ಯೋಚನೆಗೆ, ಮೂವತ್ತು ಟೈಪ್ ಮಾಡಲು, ಕೊನೆಯ ಐದು ನಿಮಿಷ ಪ್ರತಿ ನಾಮಪದದ ಮುಂದೆ ನಿಂತು 'ದಿ ಬೇಕಾ' ಅಂತ ಕೇಳಿಕೊಳ್ಳಲು. ಬೇರೇನನ್ನೂ ತಿದ್ದುವಂತಿಲ್ಲ. ಪರೀಕ್ಷೆಯ ದಿನ ಆ ಐದು ನಿಮಿಷದಲ್ಲಿ 'ಗವರ್ನಮೆಂಟ್' ಮುಂದೆಯೇ ಮೂರು ಕಡೆ 'ದಿ' ಸೇರಿಸಿದೆ.

ರೈಟಿಂಗ್ 6.5 ಬಂತು. ಆ ಸಲ ರೀಡಿಂಗ್ 6.5ಕ್ಕೆ ಇಳಿದಿತ್ತು. ಮೊದಲ ಸಲದ 7 ಕೈಯಲ್ಲಿದ್ದುದರಿಂದ ನಡೆಯಿತು.