ತಾರಸಿಯ ನೀರನ್ನು ಪಾಯದಿಂದ ದೂರ ಒಯ್ದ ಬಗೆ

ವಿಜಯಪುರದ ನಮ್ಮ ಮನೆ ನಿಂತಿರುವುದು ಎರಿಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ಮೇಲೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುವ ಈ ಮಣ್ಣಿನಲ್ಲಿ ತಾರಸಿಯ ನೀರನ್ನು ಗೋಡೆಯ ಬುಡಕ್ಕೇ ಬಿಟ್ಟರೆ ಪಾಯ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಹಿತ್ತಲ ಕಡೆಯ ಎರಡು ಹರನಾಳಗಳಿಂದ (ತಾರಸಿಯ ನೀರು ಹೊರಚೆಲ್ಲುವ ದೋಣಿಗಳಿಂದ) ಬೀಳುವ ನೀರು ಅಲ್ಲೇ ನಿಲ್ಲುತ್ತಿದ್ದುದರಿಂದ, ಅದರ ನೇರಕ್ಕಿದ್ದ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಸಿಮೆಂಟ್ ತುಂಬಿಸಿದರೂ ಮರುವರ್ಷ ಅಲ್ಲೇ ಬಾಯಿ ತೆರೆಯಿತು. ನೋಡಲು ಬಂದ ಗೌಂಡಿ, “ಗ್ವಾಡಿ ಆಮ್ಯಾಲ ನೋಡೂಣ್ರಿ ಸರ, ಮೊದಲ ನೀರ ದೂರ ಒಯ್ರಿ” ಎಂದರು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಬಿಟ್ಟೆವು; ನೀರಿನ ದಾರಿ ಬದಲಾದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿಯೂ ಅಂತರ ಹಿಗ್ಗದಿದ್ದಾಗ ಗಿಲಾವು ಮಾಡಿಸಿದೆವು.

ನಮ್ಮ ತಾರಸಿ 90 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು, 20 ಮಿ.ಮೀ. ಮಳೆಗೆ 1,800 ಲೀಟರ್. ಇದು ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ಊರಾದರೂ ಹುಬ್ಬೆ, ಉತ್ತರೆ ಮಳೆಗಳು ಗುಡುಗಿನೊಂದಿಗೆ ತಾಸಿನೊಳಗೆ ಸುರಿದು ಹೋಗುವುದುಂಟು. ಆದ್ದರಿಂದ 75 ಮಿ.ಮೀ. ಅಗಲದ ಕೊಳವೆ ಸಾಕೆಂಬ ಅಂಗಡಿಯವರ ಮಾತಿಗೆ ಒಪ್ಪದೆ 110 ಮಿ.ಮೀ. ಪಿವಿಸಿ ಕೊಳವೆಯನ್ನೇ ತಂದೆ. ಹರನಾಳಗಳನ್ನು ಮುಚ್ಚಿಸಿ, ತಾರಸಿಯ ಇಳಿಜಾರನ್ನು ಒಂದೇ ಮೂಲೆಗೆ ತಿರುಗಿಸಿ, ಅಲ್ಲಿ ಜಾಳಿಗೆ ಕೂರಿಸಿದೆವು. ಗೋಡೆಗುಂಟ ಅಡ್ಡ ಹೋಗುವ ಕೊಳವೆಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿತ ಕೊಟ್ಟು, ಕ್ಲ್ಯಾಂಪುಗಳನ್ನು ಒತ್ತೊತ್ತಾಗಿ ಹೊಡೆಸಿದೆವು; ಎರಡು ಕ್ಲ್ಯಾಂಪುಗಳ ನಡುವೆ ಕೊಳವೆ ಜೋತುಬಿದ್ದರೆ ಹೂಳು ಕೂರುವುದು ಅಲ್ಲಿಯೇ. ನಮ್ಮ ಬಿಸಿಲಿಗೆ ಪಿವಿಸಿ ಬೇಗ ಪೆಡಸಾಗುವುದರಿಂದ ಬಣ್ಣವನ್ನೂ ಬಳಿಸಿದೆ.

ಮೊದಲ ಮಳೆಯ ಕೊಳೆನೀರನ್ನು ಹಿಡಿದಿಡಲು, ತುದಿಗೆ ಮುಚ್ಚಳ ಹಾಕಿದ ಕೊಳವೆಯೊಂದನ್ನು ನಿಲ್ಲಿಸುವ ರೂಢಿಯಿದೆ. ಆದರೆ 110 ಮಿ.ಮೀ. ಕೊಳವೆ ಮೀಟರಿಗೆ ಹಿಡಿಯುವುದು ಹೆಚ್ಚೆಂದರೆ ಒಂಬತ್ತು ಲೀಟರ್. ನಮ್ಮ ತಾರಸಿಯಿಂದ ಮೊದಲ ಒಂದು ಮಿಲಿಮೀಟರಿಗೇ 90 ಲೀಟರ್ ಬರುತ್ತದೆ. ಅದಕ್ಕೆ ನಾನು ಕೆಳಗೆ ‘ಟೀ’ (ಮೂರು ಬಾಯಿಯ ಕೊಳವೆ ಜೋಡಣೆ) ಹಾಕಿ ವಾಲ್ವ್ ಇಟ್ಟೆ. ತೆರೆದಿದ್ದಾಗ ನೀರು ಓಣಿಯ ಗಟಾರಕ್ಕೆ ಹೋಗುತ್ತದೆ, ನೀರು ತಿಳಿಯಾದ ಮೇಲೆ ಮುಚ್ಚಿದರೆ ಸಂಪಿನ ಕಡೆ ತಿರುಗುತ್ತದೆ. ಮನೆಯಲ್ಲಿ ಯಾರಾದರೂ ಇರಬೇಕೆಂಬುದೊಂದೇ ಇದರ ತೊಡಕು. ಸಂಪಿಗಿಂತ ಮೊದಲು, ಮಣ್ಣು ತಳಕ್ಕಿಳಿಯಲೆಂದು ಚಿಕ್ಕದೊಂದು ಚೇಂಬರ್ ಕಟ್ಟಿಸಿದೆವು. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದ ನೆಲದಡಿ ಬಂದ ನೀರಿನ ಒತ್ತಡ ತಗ್ಗಿಸಿ, ಹೂಳು ಇಳಿಸಲು ಊರಲ್ಲಿ ಕಟ್ಟಿದ ಗಂಜುಗಳೆಂಬ ನೀರಿನ ಗೋಪುರಗಳು ಇಂದಿಗೂ ಕಣ್ಣಮುಂದಿರುವಾಗ ಇದನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಲಿಲ್ಲ.

ಇಂಗುಗುಂಡಿಯ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ಎರಿಮಣ್ಣಿನಲ್ಲಿ ಅದು ಮನೆಗೆ ಅಂಟಿಕೊಂಡಿರಬಾರದು, ಗರಸು, ಅಂದರೆ ಕೆಳಗಿನ ನೀರು ಇಂಗುವ ನೊರಜುಗಲ್ಲಿನ ಪದರ, ಸಿಗುವ ತನಕ ಅಗೆಯದೆ ಬಿಡಲೂ ಬಾರದು. ಹಸಿ ಎರಿಮಣ್ಣು ನೀರನ್ನು ಕೆಳಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಸಂಪು ತುಂಬಿ ಹೆಚ್ಚಾದ ನೀರನ್ನು ಗೋಡೆಯಿಂದ ಆರು ಮೀಟರ್ ಆಚೆಯ ಗುಂಡಿಗೆ ಒಯ್ದೆವು. ತಳದಲ್ಲಿ ಬೋಲ್ಡರ್, ಅದರ ಮೇಲೆ ಖಡಿ, ಎಲ್ಲಕ್ಕೂ ಮೇಲೆ ದಪ್ಪ ಉಸುಕು. ಮೇಲಿನ ಉಸುಕನ್ನು ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ ತೆಗೆದು ತೊಳೆಸುತ್ತೇನೆ. ತಾರಸಿಯ ಜಾಳಿಗೆಗೆ ಸಿಕ್ಕಿದ ಬೇವಿನ ಎಲೆಗಳನ್ನೂ ಆಗಲೇ ಬಿಡಿಸುತ್ತೇನೆ. ಸಂಪಿನ ನೀರನ್ನು ಬಟ್ಟೆಗೂ ಪಾತ್ರೆಗೂ ಬಳಸುತ್ತೇವೆ, ಕುಡಿಯಲು ಬಳಸುವುದಿಲ್ಲ. ಬೋರಿನ ಗಡಸು ನೀರಿನಲ್ಲಿ ಏಳದ ಸಾಬೂನಿನ ನೊರೆ ಇದರಲ್ಲಿ ಚೆನ್ನಾಗಿ ಏಳುತ್ತದೆ.