ಪುಟ್ಟ ನಾಯಿ ಮನೆಯೊಳಗೇ ಮೂತ್ರ ಮಾಡುತ್ತಿದ್ದರೆ

ಪೊಮೆರೇನಿಯನ್, ಶಿಟ್ಜು, ಪಗ್ ಮೊದಲಾದ ಸಣ್ಣ ತಳಿಯ ನಾಯಿಗಳನ್ನು ಸಾಕಿದ ಹಲವರದು ಒಂದೇ ದೂರು: ವರ್ಷ ತುಂಬಿದೆ, ದಿನಕ್ಕೆರಡು ಬಾರಿ ಹೊರಗೆ ಸುತ್ತಾಡಿಸಿಯೂ ಆಗುತ್ತಿದೆ, ಆದರೂ ವಾರಕ್ಕೆ ಎರಡು ಮೂರು ಸಲ ಸೋಫಾದ ಹಿಂದೆಯೋ ಕಾಲೊರೆಸಿನ ಮೇಲೋ ಒದ್ದೆ ಕಾಣಿಸುತ್ತದೆ. ಇದನ್ನು ಹಟವೆಂದೋ ಸೇಡೆಂದೋ ತಿಳಿಯುವವರಿದ್ದಾರೆ. ಸಾಮಾನ್ಯವಾಗಿ ಅದು ಎರಡೂ ಅಲ್ಲ, ಅರ್ಧಕ್ಕೆ ನಿಂತ ಪಾಠ. ದೊಡ್ಡ ನಾಯಿ ಕೋಣೆಯಲ್ಲಿ ಮೂತ್ರ ಮಾಡಿದರೆ ಮನೆಮಂದಿಯೆಲ್ಲ ಅಂದೇ ಎಚ್ಚೆತ್ತುಕೊಳ್ಳುತ್ತಾರೆ. ಅಂಗೈಯಗಲದ ಒದ್ದೆಯನ್ನು ಒರೆಸಿ ಮರೆಯುವುದು ಸುಲಭವಾದ್ದರಿಂದ ಸಣ್ಣ ನಾಯಿಯ ಕಲಿಕೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಅಭ್ಯಾಸವನ್ನು ಹೊಸದಾಗಿ ಆರಂಭಿಸುವ ಮೊದಲು ಪಶುವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇಷ್ಟು ದಿನ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ, ಅತಿಯಾಗಿ ನೀರು ಕುಡಿದರೆ, ತಿಣುಕಿ ಹನಿಹನಿಯಾಗಿ ಮಾಡಿದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಸೋಂಕು, ಮೂತ್ರಕೋಶದ ಕಲ್ಲು, ಮಧುಮೇಹದಂಥ ಕಾರಣಗಳಿರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣು ನಾಯಿಗಳಿಗೆ ನಿದ್ದೆಯಲ್ಲಿ ಮೂತ್ರ ಸೋರುವುದುಂಟು. ಅದಕ್ಕೆ ಔಷಧವಿದೆ, ತರಬೇತಿಯಿಂದ ಅದು ನಿಲ್ಲುವುದಿಲ್ಲ.

ಆರೋಗ್ಯ ಸರಿಯಿದೆಯೆಂದಾದರೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಲೆಕ್ಕವಿಡಿ. ಊಟ ಎಷ್ಟು ಹೊತ್ತಿಗೆ, ನಿದ್ದೆಯಿಂದ ಎದ್ದದ್ದು ಯಾವಾಗ, ಒಳಗೆ ಮಾಡಿದ್ದು ಎಲ್ಲಿ, ಎಷ್ಟು ಹೊತ್ತಿಗೆ ಎಂಬಷ್ಟು ಸಾಕು. ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು ಎಂಬ ಅಂದಾಜಿದೆ. 3 ತಿಂಗಳ ಮರಿಗೆ ಹೆಚ್ಚೆಂದರೆ 4 ಗಂಟೆ. ಸಣ್ಣ ತಳಿಯ ಮೂತ್ರಕೋಶವೂ ಸಣ್ಣದಾದ್ದರಿಂದ ಇದಕ್ಕಿಂತ ಕಡಿಮೆ ಎಂದಿಟ್ಟುಕೊಳ್ಳುವುದೇ ಕ್ಷೇಮ. ಬೆಳೆದ ನಾಯಿಗೂ ಕಲಿಕೆಯ ಅವಧಿಯಲ್ಲಿ ದಿನಕ್ಕೆ ಎರಡು ಸುತ್ತು ಸಾಲದು. ಎದ್ದ ಕೂಡಲೇ, ಊಟವಾದ ಮೇಲೆ, ಆಟ ಮುಗಿದ ಮೇಲೆ, ಮಲಗುವ ಮೊದಲು ಹೊರಗೆ ಒಯ್ಯಬೇಕು. ಬೆಳಿಗ್ಗೆಯ ಸರದಿಯಂತೂ ಕಾಫಿಗೆ ನೀರಿಡುವ ಮೊದಲೇ ಆಗಬೇಕು. ಮೊಸರನ್ನದ ಬಟ್ಟಲನ್ನು ದಿನವಿಡೀ ಮುಂದಿಟ್ಟಿರುವ ಮನೆಗಳಲ್ಲಿ ಯಾವ ಲೆಕ್ಕವೂ ಕೂಡಿಬರುವುದಿಲ್ಲ, ಆದ್ದರಿಂದ ಊಟಕ್ಕೆ ಹೊತ್ತು ಗೊತ್ತುಮಾಡಿ. ಕುಡಿಯುವ ನೀರನ್ನು ಮಾತ್ರ ಕಡಿತಗೊಳಿಸಬಾರದು.

ಹೊರಗೆ ಕರೆದೊಯ್ದಾಗ ನಡೆಯುವುದೇನು ಎಂಬುದರ ಕಡೆಗೆ ನಾವು ಗಮನ ಕೊಡುವುದು ಕಡಿಮೆ, ತಪ್ಪುಗಳು ಹೆಚ್ಚಾಗಿ ಅಡಗಿರುವುದೂ ಅಲ್ಲಿಯೇ. ಬೀದಿನಾಯಿಗಳು ಗುಂಪಾಗಿ ಮಲಗಿರುವ ರಸ್ತೆಯಲ್ಲಿ ಐದು ಕಿಲೋ ತೂಕದ ನಾಯಿಗೆ ಮೂತ್ರದ ಯೋಚನೆಗಿಂತ ಜೀವದ ಯೋಚನೆಯೇ ದೊಡ್ಡದು. ಅದು ಭಯದಿಂದ ತಡೆದುಕೊಂಡು, ಮನೆಯ ಬಾಗಿಲು ಹಾಕಿದ ಮೇಲೆ ನೆಮ್ಮದಿಯಿಂದ ಹಜಾರದಲ್ಲಿ ಹಗುರಾಗುತ್ತದೆ. ಆದ್ದರಿಂದ ಸದ್ದುಗದ್ದಲವಿಲ್ಲದ ಒಂದು ಮೂಲೆಯನ್ನು ಆರಿಸಿ, ಲಿಫ್ಟ್ ಮತ್ತು ಮೆಟ್ಟಿಲುಗಳನ್ನು ದಾಟುವವರೆಗೆ ಎತ್ತಿಕೊಂಡು ಹೋಗಿ, ಪ್ರತಿಸಲವೂ ಅದೇ ಜಾಗದಲ್ಲಿ ಇಳಿಸಿ. ಐದರಿಂದ ಹತ್ತು ನಿಮಿಷ ಮಾತಾಡಿಸದೆ, ಮೊಬೈಲು ನೋಡದೆ ನಿಂತಿರಿ. ಅದು ಮಾಡತೊಡಗಿದಾಗ ‘ಸುಸು’ ಎಂದೋ ಮನೆಯಲ್ಲಿ ರೂಢಿಯಲ್ಲಿರುವ ಬೇರೆ ಮಾತನ್ನೋ ಮೆಲ್ಲಗೆ ಹೇಳಿ. ಮುಗಿಸಿದ ಎರಡು ಮೂರು ಸೆಕೆಂಡುಗಳೊಳಗೆ, ಅಲ್ಲಿಯೇ, ಬೇಯಿಸಿದ ಕೋಳಿಯ ಚೂರನ್ನೋ ಪನೀರಿನ ತುಣುಕನ್ನೋ ಕೊಡಿ. ಮನೆಗೆ ಬಂದು ಕೊಟ್ಟರೆ ಬಹುಮಾನ ಸಿಕ್ಕಿದ್ದು ಮನೆಗೆ ಬಂದದ್ದಕ್ಕೆಂದು ನಾಯಿ ತಿಳಿಯುತ್ತದೆ. ಕೆಲಸವಾದ ಕೂಡಲೇ ಹಿಂದಿರುಗುವ ಅವಸರವೂ ಬೇಡ, ಏಕೆಂದರೆ ಮೂತ್ರ ಮಾಡಿದರೆ ಸುತ್ತಾಟ ಮುಗಿಯುತ್ತದೆಂದು ಕಂಡುಕೊಂಡ ಜಾಣ ನಾಯಿ ಅದನ್ನು ಆದಷ್ಟು ಮುಂದೂಡುತ್ತದೆ. ಮೊದಲು ಮೂತ್ರ, ಆಮೇಲೆ ನಡಿಗೆ ಎಂಬ ಕ್ರಮವಿರಲಿ. ಏನೂ ಮಾಡದಿದ್ದರೆ ಒಳಗೆ ತಂದು ಸ್ವತಂತ್ರವಾಗಿ ಬಿಡದೆ, ಬೆಲ್ಟ್ ಹಿಡಿದುಕೊಂಡೇ ಹತ್ತಿರ ಕೂರಿಸಿಕೊಂಡು, ಹದಿನೈದು ನಿಮಿಷದ ನಂತರ ಮತ್ತೆ ಒಯ್ಯಿರಿ.

ಮಳೆಗಾಲದ ಕಷ್ಟ ಬೇರೆ. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡನೆಯ ನಾಯಿಗಳು ಒದ್ದೆ ಹುಲ್ಲಿಗೆ ಕಾಲಿಡಲು ಒಪ್ಪುವುದಿಲ್ಲವಾದ್ದರಿಂದ ಸೂರಿನ ಕೆಳಗಿನ ಒಂದು ಜಾಗವನ್ನೂ ಮೊದಲೇ ರೂಢಿ ಮಾಡಿಸಿರಬೇಕು. ಲಸಿಕೆಗಳು ಪೂರ್ಣವಾಗದ ಮರಿಗಳನ್ನು ಪಾರ್ವೋ ಎಂಬ ಮಾರಕ ಸಾಂಕ್ರಾಮಿಕ ರೋಗದ ಭಯದಿಂದ ಬೀದಿಗಿಳಿಸುವಂತಿಲ್ಲ. ಅವಕ್ಕೆ ಬಾಲ್ಕನಿಯಲ್ಲಿ ಹುಲ್ಲುಹಾಸಿನ ತಟ್ಟೆ ಇಡಬಹುದು. ಹಳೆಯ ಪತ್ರಿಕೆ ಹಾಸುವ ಪದ್ಧತಿಯೂ ಇದೆ, ಆದರೆ ಹಾಗೆ ಕಲಿತ ನಾಯಿಗೆ ಹಳೆಯ ಪತ್ರಿಕೆಗೂ ನೀವು ಓದುತ್ತ ನೆಲದ ಮೇಲಿಟ್ಟ ಈ ಪುರವಣಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಮನೆಯೊಳಗೆ ನಾಯಿ ಸದಾ ಕಣ್ಣಳತೆಯಲ್ಲಿರಬೇಕು. ಅದು ಸಾಧ್ಯವಾಗದಾಗ ಅಡ್ಡಗೇಟು ಹಾಕಿದ ಚಿಕ್ಕ ಜಾಗದಲ್ಲಿ ಇರಿಸಿ. ತಾನು ಮಲಗುವ ಜಾಗವನ್ನು ಗಲೀಜು ಮಾಡಲು ನಾಯಿ ಸಾಮಾನ್ಯವಾಗಿ ಹಿಂಜರಿಯುತ್ತದೆ. ನೆಲ ಮೂಸುತ್ತ ಸುತ್ತತೊಡಗಿದರೆ ತಡಮಾಡದೆ ಎತ್ತಿಕೊಂಡು ಹೊರಡಿ. ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಚಪ್ಪಾಳೆ ತಟ್ಟಿ ನಿಲ್ಲಿಸಿ, ಹೊರಗೆ ಒಯ್ಯಿರಿ. ಮಾಡಿ ಎಷ್ಟೋ ಹೊತ್ತಾದ ಮೇಲೆ ಕಂಡರೆ ಸುಮ್ಮನೆ ಒರೆಸಿ. ಮೂತಿ ಹಿಡಿದು ಒದ್ದೆಗೆ ಉಜ್ಜುವ ಹಳೆಯ ಶಿಕ್ಷೆಯಿಂದ ಅದು ಕಲಿಯುವುದು ಒಂದನ್ನೇ: ಮನುಷ್ಯರ ಎದುರು ಮೂತ್ರ ಮಾಡುವುದು ಅಪಾಯ. ಆಮೇಲೆ ಅದು ಮಂಚದಡಿ ಜಾಗ ಹುಡುಕಿಕೊಳ್ಳುತ್ತದೆ, ಹೊರಗೂ ನಿಮ್ಮೆದುರು ಮಾಡಲು ಹೆದರುತ್ತದೆ.

ಒರೆಸುವಾಗ ಫಿನಾಯಿಲ್ ಬೇಡ. ಅದರ ಘಾಟು ನಮ್ಮ ಮೂಗನ್ನು ಮೋಸಗೊಳಿಸಬಹುದು, ನಾಯಿಯ ಮೂಗನ್ನಲ್ಲ. ಜೊತೆಗೆ ಪಾದ ನೆಕ್ಕುವ ನಾಯಿಯ ಹೊಟ್ಟೆಗೆ ಅದು ವಿಷ. ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಹಾಕಿ, ಅದರ ಮೇಲೆ ಬರೆದಷ್ಟು ಹೊತ್ತು ಬಿಡಿ. ಕಾಲೊರೆಸು, ಜಮಖಾನೆಗಳನ್ನು ಸದ್ಯಕ್ಕೆ ಸುತ್ತಿಡಿ.

ನಾಲ್ಕು ವಾರ ಒಂದೂ ಅವಘಡವಿಲ್ಲದಿದ್ದರೆ ಇನ್ನೊಂದು ಕೋಣೆಗೆ ಪ್ರವೇಶ ಕೊಡಿ. ಅಲ್ಲಿ ತಪ್ಪಿದರೆ ಮತ್ತೆ ಹಿಂದಿನ ಕೋಣೆಗೇ ಸೀಮಿತಗೊಳಿಸಿ. ಮನೆ ಬದಲಿಸಿದಾಗ, ನೆಂಟರು ತುಂಬಿದಾಗ, ದೀಪಾವಳಿಯ ಪಟಾಕಿಗೆ ಬೆದರಿದಾಗ ಕಲಿತ ನಾಯಿಯೂ ತಪ್ಪುತ್ತದೆ. ಆ ದಿನಗಳಲ್ಲಿ ಹೊರಗೆ ಒಯ್ಯುವ ಸರದಿಗಳನ್ನು ಹೆಚ್ಚಿಸಿ, ಹಬ್ಬದ ಸಂಜೆ ಪಟಾಕಿ ಶುರುವಾಗುವ ಮೊದಲೇ ಒಂದು ಸುತ್ತು ಮುಗಿಸಿಬಿಡಿ.